ಕಡ್ಲೆ ಅಂದರೆ ಯಾವ ಕಡ್ಲೆ?

ಮೈಸೂರು
12 ಜೂನ್ 2006

ಮುಖ್ಯ ಅಡುಗೆಯವರಿಗೆ,
ಗಾರ್ಮೆಂಟ್ಸ್ ಕ್ಯಾಂಟೀನು, ರಾಮನಗರ

ಮಾನ್ಯರೇ,

ನನ್ನ ಹೆಸರು ಇಸ್ಮತ್. ಮೈಸೂರಿನ ಒಂದು ಆಹಾರ ಸಂಶೋಧನಾ ಕೇಂದ್ರದಲ್ಲಿ ಕಿರಿಯ ಸಂಶೋಧಕಿಯಾಗಿದ್ದೇನೆ. ಕೆಲವರಿಗೆ ಕೆಲವು ಆಹಾರ ಒಗ್ಗುವುದಿಲ್ಲ. ಅದು ಮೈ ತುರಿಕೆಗೆ ನಿಂತರೆ ಸರಿ. ಕೆಲವರಿಗೆ ಮುಖ ಊದಿ, ಗಂಟಲು ಕಟ್ಟಿ, ಜೀವಕ್ಕೇ ಕುತ್ತು ಬರುತ್ತದೆ. ಇದನ್ನು ಅಲರ್ಜಿ ಎನ್ನುತ್ತಾರೆ. ಯಾವ ಆಹಾರದಿಂದ ಎಷ್ಟು ಜನರಿಗೆ ಹೀಗಾಗಿದೆ ಎಂದು ತಿಳಿಯಲು ಹೊರಟರೆ ನಾವು ಮೊದಲ ಹೆಜ್ಜೆಯಲ್ಲೇ ಎಡವುತ್ತಿದ್ದೇವೆ. ಒಂದೇ ಕಾಳಿಗೆ ಊರಿಗೊಂದು ಹೆಸರು. ಒಂದೇ ಹೆಸರಿಗೆ ಊರಿಗೊಂದು ಕಾಳು. ಹೀಗಾಗಿ ಪ್ರತಿ ಪದಾರ್ಥಕ್ಕೂ ಒಂದು ಸಂಖ್ಯೆ ಕೊಟ್ಟು, ಅದರ ಕೆಳಗೆ ಅದರ ಎಲ್ಲ ಹೆಸರುಗಳನ್ನೂ ಬರೆದ ಪದಕೋಶವೊಂದನ್ನು ಸಿದ್ಧಪಡಿಸುತ್ತಿದ್ದೇವೆ.

ನಿಮ್ಮ ಊರಿನ ಸುತ್ತ ಈಗ ಕಾರ್ಖಾನೆಗಳು ಬಂದಿವೆ. ನಾನಾ ಕಡೆಯ ಜನ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲುತ್ತಾರೆ. ಆದ್ದರಿಂದ ಕ್ಯಾಂಟೀನುಗಳಿಗೇ ಬರೆಯುತ್ತಿದ್ದೇನೆ. ಇದರ ಜೊತೆಗಿರುವ ಹಾಳೆಯಲ್ಲಿ ಹನ್ನೆರಡು ಪದಾರ್ಥಗಳಿವೆ. ಪ್ರತಿಯೊಂದಕ್ಕೂ ನಿಮ್ಮಲ್ಲಿ ಏನೆನ್ನುತ್ತಾರೆ ಎಂದು ತುಂಬಿ ಕಳುಹಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಇಸ್ಮತ್


ರಾಮನಗರ
21 ಜೂನ್ 2006

ಇನ್ಸ್‌ಪೆಕ್ಟರ್ ಮೇಡಂ ಅವರ ಸನ್ನಿಧಾನಕ್ಕೆ,

ಕ್ಯಾಂಟೀನಿನ ಮುಖ್ಯ ಅಡುಗೆಯವಳಾದ ನಾಗಲಕ್ಷ್ಮಮ್ಮ ಬೇಡಿಕೊಳ್ಳುವುದೇನೆಂದರೆ, ನಮ್ಮ ಅಡುಗೆಮನೆಯಲ್ಲಿ ಯಾವ ದೋಷವೂ ಇಲ್ಲ. ಪಾತ್ರೆಗಳನ್ನು ದಿನಕ್ಕೆ ಎರಡು ಸಲ ಬಿಸಿನೀರಿನಲ್ಲಿ ತೊಳೆಯುತ್ತೇವೆ. ಅಕ್ಕಿಯನ್ನು ಮೂರು ಸಲ ತೊಳೆಯುತ್ತೇವೆ. ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತೇವೆ. ಸಾರು ಉಪ್ಪಾಗಿದ್ದು ಒಂದೇ ದಿನ, ಅವತ್ತು ನನ್ನ ಮಗಳ ಹತ್ತನೇ ಕ್ಲಾಸಿನ ರಿಸಲ್ಟು. ಯಾರೋ ತಮ್ಮಲ್ಲಿ ದೂರು ಕೊಟ್ಟಿದ್ದರೆ ಅದನ್ನು ನಂಬಬಾರದು.

ಹಾಳೆಯನ್ನು ತುಂಬಿದ್ದೇನೆ. ರಾಗಿ: ರಾಗಿ. ಎಳ್ಳು: ಎಳ್ಳು. ಹುಚ್ಚೆಳ್ಳು: ಹುಚ್ಚೆಳ್ಳು. ಕಡ್ಲೆ: ಕಡ್ಲೆ ಅಂದರೆ ಕಡ್ಲೆ, ಇದರಲ್ಲಿ ಕೇಳುವುದೇನಿದೆ? ಉಳಿದವೂ ಹಾಗೆಯೇ.

ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೇನೆ. ಅಕ್ಷರ ನನ್ನದೇ.

ಇತಿ,
ನಾಗಲಕ್ಷ್ಮಮ್ಮ


ಮೈಸೂರು
28 ಜೂನ್ 2006

ನಾಗಲಕ್ಷ್ಮಮ್ಮನವರಿಗೆ ನಮಸ್ಕಾರಗಳು.

ದಯವಿಟ್ಟು ಗಾಬರಿಯಾಗಬೇಡಿ. ನಾನು ಇನ್ಸ್‌ಪೆಕ್ಟರ್ ಅಲ್ಲ. ನನ್ನ ಮಾತಿಗೆ ನಮ್ಮ ಮನೆಯ ಬೆಕ್ಕೂ ಹೆದರುವುದಿಲ್ಲ. ಯಾರೂ ದೂರು ಕೊಟ್ಟಿಲ್ಲ. ನನ್ನ ಮೊದಲ ಕಾಗದವನ್ನು ಮತ್ತೆ ಓದಿ ನೋಡಿದೆ. ಅದು ನೋಟೀಸಿನ ಹಾಗೇ ಇದೆ, ತಪ್ಪು ನನ್ನದು.

ನನಗೆ ಬಂದ ಮೂವತ್ತು ಉತ್ತರಗಳಲ್ಲಿ ನಿಮ್ಮ ಅಕ್ಷರವೇ ದುಂಡಗಿದೆ. ಅದಕ್ಕೇ ಧೈರ್ಯ ಮಾಡಿ ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಕಡ್ಲೆ ಅಂದರೆ ಯಾವ ಕಡ್ಲೆ? ಬೇಳೆ ಮಾಡುವ ಕಡ್ಲೆಯೋ, ಹುರಿದು ಸಿಪ್ಪೆ ತೆಗೆದು ಚಟ್ನಿಗೆ ಹಾಕುವುದೋ, ನೆಲದಿಂದ ಕೀಳುವುದೋ? ಒಬ್ಬರಿಗೆ ನೆಲದ ಕಡ್ಲೆ ವಿಷದಂತಾದರೆ, ಬೇಳೆಯ ಕಡ್ಲೆಯಿಂದ ಏನೂ ಆಗದಿರಬಹುದು. ಹೆಸರೊಂದು ತಪ್ಪಿದರೆ ತಟ್ಟೆ ತಪ್ಪುತ್ತದೆ.

ಬಿಡುವಾದಾಗ ನಿಮ್ಮ ಜೊತೆ ಕೆಲಸ ಮಾಡುವವರನ್ನೂ ಊಟಕ್ಕೆ ಬರುವವರನ್ನೂ ಕೇಳಿ ಬರೆಯುತ್ತೀರಾ? ಹಾಳೆ ತುಂಬುವುದು ಬೇಡ. ಮಾತನಾಡಿದ ಹಾಗೆ ಬರೆಯಿರಿ. ಮಗಳ ರಿಸಲ್ಟು ಏನಾಯಿತು ಎಂಬುದನ್ನೂ.

ಇಸ್ಮತ್


ರಾಮನಗರ
14 ಜುಲೈ 2006

ಇಸ್ಮತ್ ಮೇಡಂ ಅವರಿಗೆ,

ಮಗಳು ಸಿರಿ ಫಸ್ಟ್ ಕ್ಲಾಸಿನಲ್ಲಿ ಪಾಸು. ಆ ದಿನದ ಉಪ್ಪು ಸಾರನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ನಿಮ್ಮ ಪ್ರಶ್ನೆಯನ್ನು ಟೀ ಬಿಡುವಿನಲ್ಲಿ ಎಲ್ಲರ ಮುಂದಿಟ್ಟೆ. ಇಡಬಾರದಿತ್ತು. ಟೀ ಆರಿಹೋಯಿತು, ಜಗಳ ಆರಲಿಲ್ಲ. ಹೊಸೂರು ಕಡೆಯ ಸೆಲ್ವಿ ಮಿಷನ್ ಸೆಕ್ಷನ್ನಿನಲ್ಲಿದ್ದಾಳೆ. ಅವಳು, "ಅಕ್ಕಾ, ಕಡಲೈ ಅಂದ್ರೆ ಮಣ್ಣೊಳಗೆ ಬರೋದು" ಅಂದಳು.

ನನ್ನ ಜೊತೆ ತರಕಾರಿ ಹೆಚ್ಚುವ ಮಾಗಡಿಯ ಕೆಂಚಮ್ಮ ಚಾಕು ಕೆಳಗಿಟ್ಟು, "ಮಣ್ಣೊಳ್ಗೆ ಬರಾದು ಕಡ್ಲೆಕಾಯಿ ಕಣಮ್ಮಿ. ಬರೀ ಕಡ್ಲೆ ಅಂದ್ರೆ ಗಿಡದ್ ಮ್ಯಾಲೆ ಬರಾದು. ಅಷ್ಟೂ ಗೊತ್ತಿಲ್ವಾ?" ಅಂದಳು.

"ನಮ್ಮೂರಲ್ಲಿ ಬಂದು ಹೇಳಿ ನೋಡೋಣ" ಅಂದಳು ಸೆಲ್ವಿ.

ಪಾತ್ರೆ ತೊಳೆಯುವ ಬದ್ರುನ್ನೀಸಾ ನಕ್ಕು, "ನಮ್ದ್ರಲ್ಲಿ ಚನಾ ಅಂದ್ರೆ ಒಂದು, ಫಲ್ಲಿ ಅಂದ್ರೆ ಒಂದು. ಜಗಳಾನೇ ಇಲ್ಲ" ಅಂದಳು. ಅದಕ್ಕೂ ಜಗಳವಾಯಿತು. ಬಾಗೇಪಲ್ಲಿಯ ಹುಡುಗಿಯೊಬ್ಬಳು ಶನಕ್ಕಾಯ ಅನ್ನುತ್ತಾಳೆ. ಹುರಿಗಡಲೆಗೆ ಕೆಂಚಮ್ಮ ಕಡ್ಲೆಪಪ್ಪು ಅನ್ನುತ್ತಾಳೆ, ಸೆಲ್ವಿ ಪೊಟ್ಟುಕಡಲೈ ಅನ್ನುತ್ತಾಳೆ. ಮೇಡಂ, ಹದಿನೈದು ವರ್ಷದಿಂದ ಚಟ್ನಿ ರುಬ್ಬುತ್ತಿದ್ದೇನೆ, ಅದರೊಳಗೆ ಇಷ್ಟು ಮಾತು ಇದೆ ಎಂದು ಗೊತ್ತಿರಲಿಲ್ಲ. ಎಲ್ಲವನ್ನೂ ಹಿಂದಿನ ಹಾಳೆಯಲ್ಲಿ ಬರೆದಿದ್ದೇನೆ. ಕೆಲವರು ಆಡುವ ಒರಟು ಮಾತುಗಳನ್ನು ಬಿಟ್ಟಿದ್ದೇನೆ, ಅವು ಬರೆಯುವಂಥವಲ್ಲ.

ಕೊಪ್ಪಳದ ಕಡೆಯವಳು ಒಬ್ಬಳಿದ್ದಾಳೆ. ಅವಳನ್ನು ಕೇಳಲಿಲ್ಲ. ಅವಳು ನಮ್ಮ ಊಟ ಮಾಡುವುದಿಲ್ಲ.

ನಾಗಲಕ್ಷ್ಮಮ್ಮ


ಮೈಸೂರು
24 ಜುಲೈ 2006

ಪ್ರೀತಿಯ ನಾಗಲಕ್ಷ್ಮಮ್ಮನವರಿಗೆ,

ಸಿರಿಗೆ ನನ್ನ ಅಭಿನಂದನೆ ಹೇಳಿ. ನಿಮ್ಮ ಕಾಗದವನ್ನು ಆಫೀಸಿನಲ್ಲಿ ಗಟ್ಟಿಯಾಗಿ ಓದಿದೆ. ಎಂದೂ ನಗದ ನಮ್ಮ ಟೈಪಿಸ್ಟು ನಕ್ಕರು. ಮೇಡಂ ಎನ್ನಬೇಡಿ, ನನಗೆ ಇಪ್ಪತ್ತೇಳು ವರ್ಷ.

ನೀವು ಕಳಿಸಿದ್ದನ್ನೂ ಬೇರೆ ಜಿಲ್ಲೆಗಳಿಂದ ಬಂದದ್ದನ್ನೂ ಸೇರಿಸಿ ಒಂದು ಪುಟ ಮಾಡಿ ಇದರೊಳಗೆ ಇಟ್ಟಿದ್ದೇನೆ. ಹದಿನೇಳನೆಯ ಸಂಖ್ಯೆ ನೋಡಿ: ಕಡಲೆಕಾಯಿ, ಕಡಲೆಬೀಜ, ನೆಲಗಡಲೆ, ಕೊಪ್ಪಳ ಧಾರವಾಡದ ಕಡೆ ಶೇಂಗಾ, ಉರ್ದುವಿನಲ್ಲಿ ಮೂಂಗ್‌ಫಲ್ಲಿ, ಫಲ್ಲಿ, ತಮಿಳಿನಲ್ಲಿ ವೇರ್ಕಡಲೈ, ಮಾತಿನಲ್ಲಿ ಬರೀ ಕಡಲೈ, ತೆಲುಗಿನಲ್ಲಿ ಶನಕ್ಕಾಯ. ಹದಿನೆಂಟು ಹುರಿಗಡಲೆ, ಧಾರವಾಡದ ಕಡೆ ಅದಕ್ಕೆ ಪುಟಾಣಿ ಎನ್ನುತ್ತಾರಂತೆ. ಇಪ್ಪತ್ತಮೂರು ನಿಮ್ಮ ಹುಚ್ಚೆಳ್ಳು. ಆ ಕಡೆ ಅದು ಗುರೆಳ್ಳು. ತಪ್ಪಿದ್ದರೆ ತಿದ್ದಿ.

ಒಂದು ಮಾತು ಕೇಳಲೇ? ಕೊಪ್ಪಳದವರು ಏಕೆ ಊಟ ಮಾಡುವುದಿಲ್ಲ? ನನ್ನ ಕೆಲಸಕ್ಕೆ ಉಂಡವರಿಗಿಂತ ಉಣ್ಣದವರ ಕಾರಣ ಮುಖ್ಯ.

ಇಸ್ಮತ್


ಮೈಸೂರು
21 ಆಗಸ್ಟ್ 2006
(ಪೋಸ್ಟ್ ಕಾರ್ಡ್)

ನಾಗಲಕ್ಷ್ಮಮ್ಮನವರಿಗೆ, ನಾಲ್ಕು ವಾರದಿಂದ ನಿಮ್ಮ ಕಾಗದವಿಲ್ಲ. ಆರೋಗ್ಯವಾಗಿದ್ದೀರಷ್ಟೆ? ನಿಮ್ಮ ಅಡುಗೆಮನೆಯ ವಿಷಯದಲ್ಲಿ ನಾನು ಕೇಳಬಾರದ್ದನ್ನು ಕೇಳಿದೆನೇನೋ ಎಂದು ಸಂಕಟವಾಗುತ್ತಿದೆ. ನಿಮ್ಮ ಊಟವನ್ನು ಸಂಶಯದಿಂದ ನೋಡಿದೆ ಎಂದು ತಿಳಿದಿದ್ದರೆ ಕ್ಷಮಿಸಿ. ಪದಗಳು ಬೇಡ, ಕ್ಷೇಮ ಎಂದು ಒಂದು ಸಾಲು ಬರೆಯಿರಿ. ಇಸ್ಮತ್.


ರಾಮನಗರ
17 ಸೆಪ್ಟೆಂಬರ್ 2006

ಇಸ್ಮತಮ್ಮ,

ನಿಮ್ಮ ಮೇಲೆ ನನಗೆ ಯಾವ ಕೋಪವೂ ಇಲ್ಲ. ನಿಮ್ಮ ಪುಟ ಓದಿದ ದಿನದಿಂದ ನನಗೆ ಪೆನ್ನು ಹಿಡಿಯಲು ಆಗಲಿಲ್ಲ. ಹದಿನೇಳನೆಯ ಸಂಖ್ಯೆಯಲ್ಲಿ ಶೇಂಗಾ ಅಂತ ಇತ್ತಲ್ಲ, ಅದನ್ನು ಓದಿ ನೆಲದ ಮೇಲೆ ಕುಳಿತುಬಿಟ್ಟೆ.

ನಾನು ಮುಚ್ಚಿಟ್ಟಿದ್ದನ್ನು ಹೇಳುತ್ತೇನೆ. ಕೊಪ್ಪಳದ ಹುಡುಗಿಯ ಹೆಸರು ಹೊನ್ನವ್ವ. ಕಾಲರ್ ಹೊಲಿಯುತ್ತಾಳೆ. ಮಾರ್ಚ್ ತಿಂಗಳಲ್ಲಿ ಕೆಲಸಕ್ಕೆ ಸೇರಿದ ಮೂರನೆಯ ದಿನ ತಿಂಡಿಗೆ ರಾಗಿ ರೊಟ್ಟಿ, ಚಟ್ನಿ ಇತ್ತು. ತಟ್ಟೆ ಹಿಡಿದು ನನ್ನನ್ನೇ ಕೇಳಿದಳು, "ಅಕ್ಕಾರ, ಚಟ್ನ್ಯಾಗ ಶೇಂಗಾ ಐತೇನ್ರಿ?" ಅಂತ. ನಾನು ಆ ಮಾತು ಅದುವರೆಗೆ ಕೇಳಿರಲಿಲ್ಲ. ಸೀಗಡಿಯ ಥರದ್ದು ಏನೋ ಅಂದುಕೊಂಡು, "ಅಂಥದ್ದೆಲ್ಲ ಹಾಕಲ್ಲ ಕಣವ್ವ. ಬರೀ ಕಡ್ಲೆಬೀಜ, ಮೆಣ್ಸಿನ್ಕಾಯಿ" ಅಂದೆ. ತಿಂದಳು. ಐದು ನಿಮಿಷದಲ್ಲಿ ಅವಳ ಕಣ್ಣು ಮುಚ್ಚಿಹೋಗುವಷ್ಟು ಮುಖ ಊದಿತು. ಉಸಿರು ಸಿಳ್ಳೆ ಹಾಕುತ್ತಿತ್ತು. ಕಂಪನಿ ವ್ಯಾನಿನಲ್ಲಿ ಆಸ್ಪತ್ರೆಗೆ ಓಡಿಸಿದರು. ಇಂಜೆಕ್ಷನ್ ಕೊಟ್ಟು ಉಳಿಸಿದರು. ಬೇರೆ ಯಾರಿಗೂ ಏನೂ ಆಗಿರಲಿಲ್ಲವಾದ್ದರಿಂದ ಅವಳಿಗೆ ಮೊದಲೇ ಏನೋ ಕಾಯಿಲೆ ಇತ್ತು ಎಂದು ಎಲ್ಲರೂ ಸುಮ್ಮನಾದರು. ನಾನೂ ಸುಮ್ಮನಾದೆ.

ವಾಪಸ್ಸು ಬಂದ ಮೇಲೆ ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹಿಂದಿನ ಹೊಂಗೆ ಮರದ ಕೆಳಗೆ ಒಬ್ಬಳೇ ಕುಳಿತು ಮನೆಯಿಂದ ತಂದ ರೊಟ್ಟಿ ತಿನ್ನುತ್ತಿದ್ದಳು. ಅದಕ್ಕೆ ನಾನು ಒಂದೇ ಕಾರಣ ಹುಡುಕಿಕೊಂಡೆ. ಇಸ್ಮತಮ್ಮ, ಇಲ್ಲಿಗೆ ಬರುವ ಮೊದಲು ನಾನು ಒಂದೂರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿದ್ದೆ. ನಮ್ಮ ಕೇರಿಯವಳು ಬೇಯಿಸುತ್ತಾಳೆ ಎಂದು ತಿಳಿದ ಮೇಲೆ ಕೆಲವು ತಾಯಂದಿರು ಬಂದು ಮಕ್ಕಳನ್ನು ಕೈಹಿಡಿದು ಎಬ್ಬಿಸಿಕೊಂಡು ಹೋದರು. ಬಡಿಸಿದ ತಟ್ಟೆಗಳು ಹಾಗೇ ಉಳಿದವು. ಹದಿನೆಂಟು ದಿನ ನೋಡಿ ಕೆಲಸ ಬಿಟ್ಟೆ. ಗಾರ್ಮೆಂಟ್ಸಿಗೆ ಬಂದ ಮೇಲೆ ನಾನೂರು ಜನ ನನ್ನ ಕೈ ಊಟ ಮಾಡುತ್ತಾರೆ, ಯಾರೂ ಕೇರಿ ಕೇಳುವುದಿಲ್ಲ. ಈ ಹುಡುಗಿ ರೊಟ್ಟಿ ಗಂಟು ಬಿಚ್ಚಿದಾಗೆಲ್ಲ ಆ ಶಾಲೆಯ ತಟ್ಟೆಗಳು ಕಣ್ಣಿಗೆ ಬರುತ್ತಿದ್ದವು. ಇವಳೂ ಅಂಥವಳೇ ಎಂದು ತೀರ್ಮಾನ ಮಾಡಿಬಿಟ್ಟೆ. ಆರು ತಿಂಗಳು ಮಾತಾಡಲಿಲ್ಲ.

ಅಡುಗೆಮನೆಯಿಂದ ಹೊಂಗೆ ಮರಕ್ಕೆ ನಲವತ್ತು ಹೆಜ್ಜೆ. ನಿಮ್ಮ ಪುಟ ಓದಿದ ಮೇಲೂ ನನಗೆ ಏಳು ವಾರ ಹಿಡಿಯಿತು.

ಮೊನ್ನೆ ಶುಕ್ರವಾರ ಹೋದೆ. ಹಿಡಿ ತುಂಬ ಕಡ್ಲೆಕಾಯಿ ತೆಗೆದುಕೊಂಡು ಹೋಗಿದ್ದೆ, ದೂರದಿಂದಲೇ ತೋರಿಸಿ, "ಹೊನ್ನವ್ವ, ನೀನು ಶೇಂಗಾ ಅಂದಿದ್ದು ಇದ್ನಾ?" ಅಂದೆ.

ಅವಳು ಹಿಂದಕ್ಕೆ ಸರಿದು, "ಮತ್ತೇನ್ರಿ. ಸಣ್ಣಾಕಿ ಇದ್ದಾಗಿಂದ ನನಗ ಅದು ಆಗಂಗಿಲ್ಲ. ನಾ ಕೇಳಿದ್ನೆಲ್ರಿ, ಇಲ್ಲಂದ್ರಿ. ಕಡ್ಲಿ ಬೀಜ ಅಂದ್ರಿ. ಕಡ್ಲಿ ಅಂದ್ರ ನಮ್ಮ ಕಡಿ ಬ್ಯಾಳಿ ಮಾಡ್ತಾರಲ್ಲ, ಅದರಿ. ಹೊಸಬಾಕಿ ಅಂತ ನನ್ನ ಚಾಷ್ಟಿ ಮಾಡಿದ್ರಿ ಅನ್ಕೊಂಡಿದ್ನಿ" ಅಂದಳು.

"ಇಲ್ಲ ಕಣವ್ವ, ದೇವ್ರಾಣೆ. ನಂಗೆ ಆ ಮಾತೇ ಗೊತ್ತಿರ್ನಿಲ್ಲ. ಸೀಗಡಿ ಥರ ಏನೋ ಅನ್ಕಂಬುಟ್ಟಿದ್ದೆ."

ಅವಳು ರೊಟ್ಟಿ ಗಂಟು ಕೆಳಗಿಟ್ಟಳು. ಆಮೇಲೆ ಕೇಳಿದಳು, "ಸೀಗಡಿ ಅಂದ್ರೇನ್ರಿ?"

ನನಗೆ ನಗು ತಡೆಯಲಾಗಲಿಲ್ಲ. ಕೈಯಲ್ಲಿ ಮೀನಿನ ಥರ ಮಾಡಿ, ಮೀಸೆ ಇಟ್ಟು ತೋರಿಸಿದೆ. ಅವಳು ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಇಬ್ಬರೂ ಕಣ್ಣೊರೆಸಿಕೊಂಡೆವು. ಅದರಲ್ಲಿ ಎಷ್ಟು ನಗುವೋ ಎಷ್ಟು ಅಳುವೋ. ನಾನು ದೂರ ಹೋಗಿ ಕೈ ತೊಳೆದುಕೊಂಡು ಬಂದೆ. ಅವಳು ತನ್ನ ಜೋಳದ ರೊಟ್ಟಿ ಮುರಿದು, ಕಪ್ಪಗಿನ ಚಟ್ನಿಪುಡಿ ಸವರಿ, ನನ್ನ ಕೈಗೆ ಇಟ್ಟಳು. "ಗುರೆಳ್ಳು ಹಿಂಡಿ ಐತ್ರಿ, ಖಾರ ಐತಿ ನೋಡ್ರಿ" ಅಂದಳು. ಬಾಯಿಗಿಟ್ಟರೆ ನಮ್ಮ ಹುಚ್ಚೆಳ್ಳು! ಅವಳ ಮುಂದೆಯೇ ಕುಳಿತು ಮುಗಿಸಿದೆ.

ಆ ಶಾಲೆಯ ಮಾತನ್ನು ನನ್ನ ಮಗಳಿಗೂ ಹೇಳಿರಲಿಲ್ಲ. ನಿಮಗೆ ಹೇಳಿದ್ದೇನೆ.

ನಾಗಲಕ್ಷ್ಮಮ್ಮ


ಮೈಸೂರು
25 ಸೆಪ್ಟೆಂಬರ್ 2006

ನನ್ನ ನಾಗಲಕ್ಷ್ಮಮ್ಮ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ಅತ್ತೆ. ಎರಡನೆಯ ಸಲ ಸೀಗಡಿಯ ಜಾಗ ಬಂದಾಗ ನಕ್ಕೆ. ಮೂರನೆಯ ಸಲ ಪೆನ್ಸಿಲ್ ಹಿಡಿದು ಓದಿದೆ. ನೀವು ಹೇಳಿದ್ದನ್ನು ನಾನು ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ.

ಹೊನ್ನವ್ವನ ವಿಷಯದಲ್ಲಿ ಕೆಲವು ಮಾತು ಗಟ್ಟಿಯಾಗಿ ಹೇಳಬೇಕು. ಅವರಿಗೆ ಕಡಲೆಕಾಯಿಯ ಒಂದು ಚೂರೂ ಆಗದು. ಕಡಲೆಬೀಜ ರುಬ್ಬಿದ ಯಂತ್ರದಲ್ಲಿ ಅವರ ಚಟ್ನಿ ರುಬ್ಬಬೇಡಿ, ತೊಳೆದಿದ್ದರೂ ಬೇಡ. ಸೌಟು ಬೇರೆ ಇರಲಿ, ಬಡಿಸುವ ಕೈ ತೊಳೆದಿರಲಿ. ಮತ್ತೆ ಹಾಗೇನಾದರೂ ಆದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಓಡಿಸಿ. ಏನು ತಿಂದರು ಎಂದು ಡಾಕ್ಟರಿಗೆ ಹೇಳುವಾಗ ಕಾಳನ್ನೇ ತೋರಿಸಿ, ಹೆಸರನ್ನು ನಂಬಬೇಡಿ.

ಒಂದು ಅನುಮತಿ ಬೇಕು. ಮಾರ್ಚ್‌ನ ಆ ದಿನದ ಸಂಗತಿಯನ್ನು ನಮ್ಮ ಪದಕೋಶ ಸಮಿತಿಯ ಮುಂದೆ ಇಡಲೇ? ಹೆಸರು ಬೇಡವೆಂದರೆ ಹಾಕುವುದಿಲ್ಲ. ಶಾಲೆಯ ಮಾತು ಅದರಲ್ಲಿ ಇರುವುದಿಲ್ಲ.

ನಮ್ಮ ಕೆಲಸ ಚೆನ್ನಾಗಿ ನಡೆಯುತ್ತಿದೆ. ಎಲ್ಲ ಚೆನ್ನಾಗಿದೆ.

ಇಸ್ಮತ್


ರಾಮನಗರ
30 ಅಕ್ಟೋಬರ್ 2006

ಇಸ್ಮತಮ್ಮ,

ಚೆನ್ನಾಗಿದೆ ಎಂದು ಎರಡು ಸಲ ಬರೆದಿದ್ದೀರಿ. ಒಂದು ಸಲ ಬರೆದಿದ್ದರೆ ನಂಬುತ್ತಿದ್ದೆ. ಏನಾಗಿದೆ? ಹೇಳಬೇಕು ಅನ್ನಿಸಿದಾಗ ಹೇಳಿ.

ಇಲ್ಲಿಯ ಸಮಾಚಾರ ಬಹಳ ಇದೆ. ಮೊದಲನೆಯದು, ನಮ್ಮ ಮನೆಯ ಹಿತ್ತಲಿನಲ್ಲಿ ಬಿದ್ದಿದ್ದ ಒರಳುಕಲ್ಲನ್ನು ಆಟೋದಲ್ಲಿ ಹಾಕಿಕೊಂಡು ಬಂದೆ. ಆಟೋದವನು, "ಅಮ್ಮ, ಕಲ್ಲಿಗೂ ಸೀಟ್ ಚಾರ್ಜ್ ಐತೆ" ಅಂದ. ಅದರಲ್ಲಿ ಕಡ್ಲೆಬೀಜ ಯಾವತ್ತೂ ರುಬ್ಬಿಲ್ಲ, ನಮ್ಮತ್ತೆ ಅದರಲ್ಲಿ ಮಸಾಲೆ ಅರೆಯುತ್ತಿದ್ದರು ಅಷ್ಟೆ. ಈಗ ಅದು ಹೊನ್ನವ್ವನ ಕಲ್ಲು. ಅದರ ಹತ್ತಿರ ಬೇರೆ ಯಾರಾದರೂ ಸುಳಿದರೆ ಬದ್ರುನ್ನೀಸಾ ಸೌಟು ಎತ್ತುತ್ತಾಳೆ.

ಎರಡನೆಯದು, ಬೋರ್ಡು. ಪ್ಯಾಕಿಂಗ್ ಸೆಕ್ಷನ್ನಿನಲ್ಲಿ ಅಂಗಿಗೆ ಹೆಚ್ಚುವರಿ ಗುಂಡಿ ಹಾಕಿಡುವ ಪುಟ್ಟ ಪ್ಲಾಸ್ಟಿಕ್ ಚೀಲಗಳಿರುತ್ತವೆ. ಇಪ್ಪತ್ತನಾಲ್ಕು ಚೀಲ ಕೇಳಿ ತಂದು, ಒಂದೊಂದರಲ್ಲಿ ಒಂದೊಂದು ಕಾಳು, ಬೀಜ ಹಾಕಿ, ಬಾಯಿ ಅಂಟಿಸಿ, ಹಲಗೆಗೆ ಹೊಡೆದೆ. ಪ್ರತಿಯೊಂದರ ಕೆಳಗೆ ನಿಮ್ಮ ಸಂಖ್ಯೆ, ನಿಮ್ಮ ಪುಟದ ಎಲ್ಲ ಹೆಸರು. ದಿನಾ ಬೆಳಿಗ್ಗೆ ಅವತ್ತಿನ ಅಡುಗೆಯಲ್ಲಿ ಏನೇನಿದೆಯೋ ಆ ಸಂಖ್ಯೆಗಳಿಗೆ ಬಟ್ಟೆ ಕ್ಲಿಪ್ಪು ಸಿಕ್ಕಿಸುತ್ತೇನೆ. ಓದು ಬಾರದವರು ಕಾಳು ನೋಡುತ್ತಾರೆ. ಮೊದಲ ದಿನ ಅರ್ಧ ಗಂಟೆ ಯಾರೂ ಊಟಕ್ಕೇ ಬರಲಿಲ್ಲ, ಬೋರ್ಡಿನ ಮುಂದೆಯೇ ನಿಂತಿದ್ದರು.

ಕ್ಯಾಂಟೀನು ಮ್ಯಾನೇಜರ್ ಕೆಂಪರಾಜು ಸಾರ್ ಮೂರನೆಯ ದಿನ ನೋಡಿದರು. ಕೋಡಿಹಳ್ಳಿಯವರು, ಮಾತು ಒರಟು. "ಏನ್ ನಾಗಲಕ್ಷ್ಮಮ್ಮ ಇದು? ಔಷ್ದಿ ಅಂಗ್ಡಿ ಬೋರ್ಡ್ ಇದ್ದಂಗೈತೆ. ಹೊರಗ್ಲೋರು ಬಂದು ನೋಡುದ್ರೆ ಊಟ್ದಲ್ಲಿ ವಿಷ ಐತೆ ಅನ್ಕತಾರೆ. ಬಿಚ್ಚಾಕಿ" ಅಂದರು.

ಕೆಲಸ ಹೋಯಿತು ಅಂದುಕೊಂಡೆ. ಆದರೂ, "ಬಿಚ್ತೀನಿ ಸಾರ್. ಒಂದ್ಸಲ ಓದ್ಬುಟ್ಟು ಹೇಳಿ" ಅಂದೆ.

ಜೇಬಿನಿಂದ ಕನ್ನಡಕ ತೆಗೆದು ಓದಿದರು. ಹದಿನೇಳಕ್ಕೆ ಬಂದಾಗ ಬೆರಳು ನಿಂತಿತು. "ಕಳ್ಳೇಕಾಯಿ ಎಲ್ಲೈತೆ?" ಅಂದರು.

"ಅದು ಬರ್ಯಾ ಮಾತಲ್ಲ ಅಂತ ಬುಟ್ಟೆ ಸಾರ್."

"ಯಾರಮ್ಮ ಹೇಳಿದ್ದು ಬರ್ಯಾ ಮಾತಲ್ಲ ಅಂತ? ನಮ್ಮವ್ವ ಸಾಯೋಗಂಟ ಕಳ್ಳೇಕಾಯಿ ಅಂತ್ಲೇ ಅಂದಿದ್ದು. ಅವ್ಳು ಹೊಲ್ದಲ್ಲಿ ಕಿತ್ತಿದ್ದು ಕಳ್ಳೇಕಾಯಲ್ವಾ? ಒಸಿ ಆ ಪೆನ್ ಕೊಡಿ."

ಅವರೇ ಬರೆದರು. ದಪ್ಪ ಅಕ್ಷರದಲ್ಲಿ. ಬರೆದು ಎರಡು ಹೆಜ್ಜೆ ಹಿಂದೆ ನಿಂತು ನೋಡಿಕೊಂಡರು. ಬಿಚ್ಚುವ ಮಾತು ಮತ್ತೆ ಬರಲಿಲ್ಲ. ಹುಡುಗಿಯರನ್ನು ಕರೆದು ತೋರಿಸುತ್ತಾರೆ ಈಗ.

ಕಳ್ಳೇಕಾಯಿ ಅನ್ನುವುದನ್ನು ನಾನು ಜುಲೈನಲ್ಲೇ ಬಿಟ್ಟಿದ್ದೆ. ನಾನೂ ಮನೆಯಲ್ಲಿ ಹಾಗೇ ಅನ್ನುವುದು. ಇನ್ನೂ ಅಂಥ ಒಂಬತ್ತು ಮಾತು ಬಿಟ್ಟಿದ್ದೆ, ಈಗ ಕಳಿಸುತ್ತಿದ್ದೇನೆ, ಸೇರಿಸಿಕೊಳ್ಳಿ.

ಮೂರನೆಯದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಹನ್ನೆರಡನೆಯ ತಾರೀಕು ಹೊನ್ನವ್ವ ಸಾಲಿನಲ್ಲಿ ಬಂದು ನಿಂತಳು. ಬೋರ್ಡು ನೋಡಿದಳು, ಹದಿನೇಳರ ಮೇಲೆ ಕ್ಲಿಪ್ಪು ಇರಲಿಲ್ಲ. ತಟ್ಟೆ ಮುಂದೆ ಹಿಡಿದಳು. ಅನ್ನ, ಸೊಪ್ಪಿನ ಸಾರು ಹಾಕಿದೆ. ಅವಳು, "ಇನ್ನೊಂದ್ ಸೌಟ್ ಹಾಕ್ರಿ ಅಕ್ಕಾರ" ಅಂದಳು.

ನನ್ನ ಹೆಸರು ಬರೆಯಬಹುದಾ ಎಂದು ಕೇಳಿದ್ದಿರಿ. ಬರೆಯಿರಿ. ಪೂರ್ತಿ ಬರೆಯಿರಿ. ಹೊನ್ನವ್ವನೂ ತನ್ನ ಹೆಸರು ಹಾಕಿ ಅಂದಿದ್ದಾಳೆ. ಶಾಲೆಯ ಮಾತೂ ಇದ್ದರೆ ಇರಲಿ.

ನಾಗಲಕ್ಷ್ಮಮ್ಮ


ಮೈಸೂರು
27 ಡಿಸೆಂಬರ್ 2006

ನನ್ನ ನಾಗಲಕ್ಷ್ಮಮ್ಮ,

ಎರಡು ತಿಂಗಳು ಬರೆಯದೆ ಇದ್ದುದಕ್ಕೆ ಬೈದುಬಿಡಿ. ಸುಳ್ಳು ಬರೆಯಲು ಮನಸ್ಸಿರಲಿಲ್ಲ, ನಿಜ ಬರೆಯಲು ಧೈರ್ಯವಿರಲಿಲ್ಲ.

ನೀವು ಸರಿಯಾಗಿಯೇ ಓದಿದ್ದಿರಿ. ಸೆಪ್ಟೆಂಬರಿನಲ್ಲಿ ನಮ್ಮ ಸಮಿತಿಯ ಅಧ್ಯಕ್ಷರು ನನ್ನ ಪುಟಗಳನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಿಂದಕ್ಕೆ ಕೊಟ್ಟಿದ್ದರು. ಒಂದು ಆಹಾರ, ಒಂದು ಸಂಖ್ಯೆ, ಒಂದು ಶಿಷ್ಟ ಹೆಸರು. ಉಳಿದದ್ದೆಲ್ಲ ಅಪಭ್ರಂಶ, ತೆಗೆದುಹಾಕಿ, ಎಂದು ಬರೆದಿದ್ದರು. ಹದಿನೇಳರಲ್ಲಿ ಉಳಿದದ್ದು ನೆಲಗಡಲೆ ಒಂದೇ. ನಿಮ್ಮ ಟೀ ಬಿಡುವಿನ ಜಗಳವೆಲ್ಲ ಕೆಂಪು ಗೆರೆಯ ಕೆಳಗೆ. ನಾನು ಕೆಲಸ ಬಿಡುವ ಕಾಗದ ಬರೆದು ಮೇಜಿನ ಡ್ರಾದಲ್ಲಿಟ್ಟಿದ್ದೆ. ಅದನ್ನು ನಿಮಗೆ ಹೇಗೆ ಹೇಳಲಿ? ನೀವು ಅಷ್ಟು ದೂರದಿಂದ ಒರಳುಕಲ್ಲು ಹೊತ್ತು ತರುತ್ತಿದ್ದಿರಿ.

ಕಳೆದ ಬುಧವಾರ ಕೊನೆಯ ಸಭೆ. ನನಗೆ ಹತ್ತು ನಿಮಿಷ ಕೊಟ್ಟಿದ್ದರು. ಪಟ್ಟಿಗಳನ್ನು ಪಕ್ಕಕ್ಕಿಟ್ಟು ನಿಮ್ಮ ಕಾಗದಗಳನ್ನು ಓದಿದೆ. ಶೇಂಗಾ ಐತೇನ್ರಿ ಎಂಬಲ್ಲಿಂದ, ಇನ್ನೊಂದ್ ಸೌಟ್ ಹಾಕ್ರಿ ಎಂಬಲ್ಲಿಯವರೆಗೆ. ಶಾಲೆಯ ಮಾತನ್ನೂ ಓದಿದೆ, ನೀವು ಇರಲಿ ಎಂದಿದ್ದಿರಿ. ಆಮೇಲೆ ಕೇಳಿದೆ, "ಇಲ್ಲಿ ಒಂಬತ್ತು ಜನ ದೊಡ್ಡವರು ಕುಳಿತಿದ್ದೀರಿ. ಮನೆಯಲ್ಲಿ ನೆಲಗಡಲೆ ಎನ್ನುವವರು ಕೈ ಎತ್ತಿ."

ಒಂದು ಕೈಯೂ ಮೇಲೆ ಬರಲಿಲ್ಲ. ಅಧ್ಯಕ್ಷರದ್ದೂ ಇಲ್ಲ.

ಅವರು ನಿಮ್ಮ ಕಾಗದಗಳನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ತಿರುವಿ ನೋಡಿದರು. ವಯಸ್ಸಾದವರು, ಪಾಠ ಹೇಳಿ ನಿವೃತ್ತರಾದವರು, ನನಗೆ ಅವರ ಮೇಲೆ ಗೌರವವಿದೆ. ಕೊನೆಗೆ, "ಆ ಹುಡುಗಿ ಈಗ ದಿನಾ ಊಟ ಮಾಡ್ತಾಳೇನಮ್ಮ?" ಎಂದು ಕೇಳಿದರು.

"ಎರಡು ಸೌಟು, ಸರ್" ಎಂದೆ.

"ಹಾಗಾದರೆ ಸಂಖ್ಯೆ ಒಂದೇ ಇರಲಿ, ಹೆಸರು ಎಷ್ಟಿದ್ದರೂ ಇರಲಿ. ಕಳ್ಳೇಕಾಯಿಯನ್ನೂ ಬರೆಯಿರಿ. ನಮ್ಮ ತಾಯಿಯೂ ಹಾಗೇ ಅನ್ನುತ್ತಿದ್ದರು" ಎಂದರು.

ಮುಂದಿನ ವರ್ಷ ಪದಕೋಶ ಅಚ್ಚಾಗುತ್ತದೆ. ಹೆಸರು ಹೇಳಿಕೊಟ್ಟವರ ಪಟ್ಟಿಯಲ್ಲಿ ನೀವಿದ್ದೀರಿ, ಹೊನ್ನವ್ವ, ಸೆಲ್ವಿ, ಕೆಂಚಮ್ಮ, ಬದ್ರುನ್ನೀಸಾ, ಕೆಂಪರಾಜು ಎಲ್ಲರೂ ಇದ್ದೀರಿ. ಡ್ರಾದಲ್ಲಿದ್ದ ಕಾಗದವನ್ನು ಹರಿದು ಹಾಕಿದೆ.

ಹೊನ್ನವ್ವನಿಗಾಗಿ ಒಂದು ಕಾರ್ಡು ಮಾಡಿಸಿದ್ದೇನೆ, ಜೊತೆಗಿದೆ. ಮೇಲೆ ಕಡಲೆಕಾಯಿಯ ಚಿತ್ರ. ಕೆಳಗೆ, "ಇದು ನನಗೆ ವಿಷ. ಊಟದಲ್ಲಿ ಇದೆಯೇ, ದಯವಿಟ್ಟು ನೋಡಿ ಹೇಳಿ" ಎಂದು ಕನ್ನಡ, ತಮಿಳು, ತೆಲುಗು, ಉರ್ದು, ಹಿಂದಿಯಲ್ಲಿ, ಆಯಾ ಭಾಷೆಯ ಹೆಸರಿನ ಸಮೇತ. ಊರು ಬಿಟ್ಟು ಹೋಗುವಾಗ ಜೊತೆಯಲ್ಲಿರಲಿ.

ನಿಮ್ಮ
ಇಸ್ಮತ್


ರಾಮನಗರ
24 ಜನವರಿ 2007

ಮಗಳೇ ಇಸ್ಮತ್,

ನಿನ್ನನ್ನು ಇನ್ನು ಮೇಲೆ ಹೀಗೇ ಕರೆಯುವುದು. ನಿನ್ನ ಕಾಗದವನ್ನು ಕೆಂಪರಾಜು ಸಾರ್ ಬೋರ್ಡಿನ ಪಕ್ಕ ನಿಂತು ಎಲ್ಲರಿಗೂ ಓದಿ ಹೇಳಿದರು. ತಮ್ಮ ಹೆಸರು ಬಂದ ಕಡೆ ಎರಡು ಸಲ ಓದಿದರು.

ಭಾನುವಾರ ನಾವು ಕೆಲವರು ಬಸ್ಸು ಮಾಡಿಕೊಂಡು ಹೊಗೇನಕಲ್ಲಿಗೆ ಹೋಗಿ ಬಂದೆವು. ಅಲ್ಲಿ ನೀರು ಬೀಳುತ್ತದೆ, ಬಹಳ ಜೋರಾಗಿ ಬೀಳುತ್ತದೆ. ಅದು ಹಾಗಿರಲಿ. ಇಡ್ಲಿಯ ವಿಷಯ ಹೇಳುತ್ತೇನೆ.

ಹೊನ್ನವ್ವ ಬರುವುದಿಲ್ಲ ಅಂದಿದ್ದಳು. ಇಷ್ಟು ವರ್ಷ ಅವಳು ಯಾವ ಹೋಟೆಲಿನಲ್ಲೂ ಕುಳಿತು ತಿಂದವಳಲ್ಲ. ಮದುವೆ ಮನೆಗಳಲ್ಲೂ ಬಾಳೆಹಣ್ಣು ತಿಂದು ಬರುತ್ತಿದ್ದಳಂತೆ. "ಎಲ್ಲಾರೂ ಉಣ್ಣಾಗ ನಾ ಬಸ್ಸಿನ್ಯಾಗ ಕುಂದ್ರೂದು ಬ್ಯಾಡ್ರಿ ಅಕ್ಕಾರ" ಅಂದಳು. ಕಾರ್ಡು ಐತಲ್ಲ ಬಾರವ್ವ ಎಂದು ನಾನೇ ಎಳೆದುಕೊಂಡು ಹೋದೆ. ಹೋಗುವಾಗ ಧೈರ್ಯವಾಗಿದ್ದೆ. ಆದರೆ ತಮಿಳು ಬಲ್ಲ ಸೆಲ್ವಿ ಪೊಂಗಲ್‌ಗೆ ಊರಿಗೆ ಹೋದವಳು ಇನ್ನೂ ಬಂದಿರಲಿಲ್ಲ. ಹೊಸೂರು ದಾಟಿದ ಮೇಲೆ ಅದು ನೆನಪಾಗಿ, ಕಾರ್ಡು ಇದೆಯಾ ಎಂದು ಹೊನ್ನವ್ವನನ್ನು ಎರಡು ಸಲ ಕೇಳಿದೆ.

ಎಂಟು ಗಂಟೆಗೆ ಕೃಷ್ಣಗಿರಿಯ ಹತ್ತಿರ ಒಂದು ಹೋಟೆಲಿನಲ್ಲಿ ನಿಲ್ಲಿಸಿದರು. ಇಡ್ಲಿ, ಬಿಳಿ ಚಟ್ನಿ. ನೋಡಿದರೆ ತೆಂಗಿನಕಾಯಿ ಚಟ್ನಿ. ಮೂಸಿದೆ, ನನಗೂ ಹಾಗೇ ಅನ್ನಿಸಿತು. ಹದಿನೈದು ವರ್ಷದಿಂದ ಚಟ್ನಿ ರುಬ್ಬಿದವಳು ನಾನು, "ಇದು ತೆಂಗಿನಕಾಯಿ, ತಿನ್ನವ್ವ" ಎಂದು ಬಾಯಿ ತುದಿಗೆ ಬಂದಿತ್ತು. ಆಗ ಮಾರ್ಚ್ ತಿಂಗಳು ನೆನಪಾಯಿತು. ಬಾಯಿ ಮುಚ್ಚಿಕೊಂಡೆ. "ಕಾರ್ಡ್ ತೋರ್ಸು" ಅಂದೆ.

ಹೋಟೆಲಿನವರು ಕೈ ಒರೆಸಿಕೊಂಡು ಕಾರ್ಡನ್ನು ಗಟ್ಟಿಯಾಗಿ ಓದಿದರು. "ವೇರ್ಕಡಲೈ" ಎಂಬಲ್ಲಿಗೆ ಬಂದವರೇ "ಅಯ್ಯೋ" ಎಂದು ಅವಳ ಮುಂದಿನ ತಟ್ಟೆಯನ್ನು ಕಿತ್ತುಕೊಂಡರು. ಚಟ್ನಿ ತೋರಿಸಿ, "ಇರುಕ್ಕು, ಇರುಕ್ಕು" ಅಂದರು, ಇದೆ ಅಂತ. ಒಳಗೆ ಹೋಗಿ ಹಿಡಿ ತಂದು ತೋರಿಸಿದರು. ಸಿಪ್ಪೆ ತೆಗೆದ ಕಡ್ಲೆಬೀಜ! ಕಾಯಿ ಕಮ್ಮಿ ಹಾಕಿ ಅದನ್ನು ಸೇರಿಸಿ ರುಬ್ಬಿದ್ದರು. ನಾನು ತಿನ್ನವ್ವ ಅಂದುಬಿಟ್ಟಿದ್ದರೆ? ನಲವತ್ತೆರಡು ಹೆಂಗಸರೂ ತಮ್ಮ ತಮ್ಮ ತಟ್ಟೆಯ ಚಟ್ನಿ ನೋಡಿದರು.

ಹೊನ್ನವ್ವ ಎದ್ದು ಬಸ್ಸಿನ ಕಡೆ ಹೊರಟಳು. ಆ ಮನುಷ್ಯ ಬಾಗಿಲಿಗೆ ಅಡ್ಡ ನಿಂತು, ಕೈಯಲ್ಲೇ ಕೂತುಕೋ ಎಂದರು. ಕಾರ್ಡನ್ನು ಎದುರಿಗೆ ಗೋಡೆಗೆ ಒರಗಿಸಿಟ್ಟುಕೊಂಡು, ಒಂದು ಬಾಣಲೆಯನ್ನು ಸೋಪು ಹಾಕಿ ತಾವೇ ಉಜ್ಜಿದರು. ಮಿಕ್ಸಿ ಮುಟ್ಟಲಿಲ್ಲ. ಈರುಳ್ಳಿ, ಟೊಮೇಟೊ, ಹಸಿಮೆಣಸಿನಕಾಯಿ ಹೊಸ ಚಾಕುವಿನಲ್ಲಿ ಹೆಚ್ಚಿ ಬಾಡಿಸಿ, ಉಪ್ಪು ಹಾಕಿ ಕೆದಕಿದರು. ಎಣ್ಣೆಯ ಪ್ಯಾಕೆಟ್ಟನ್ನು ನನಗೆ ತೋರಿಸಿದರು, ಸೂರ್ಯಕಾಂತಿಯ ಚಿತ್ರವಿತ್ತು. ಹಬೆಯಿಂದ ಆಗ ತಾನೇ ಇಳಿಸಿದ ಇಡ್ಲಿಯನ್ನು ಹೊಸ ಬಾಳೆಲೆಗೆ ಹಾಕಿ, ಅವಳ ಮುಂದೆ ಇಟ್ಟು, "ಸಾಪ್ಪಿಡುಮ್ಮಾ" ಎಂದರು.

ಅವಳು ಒಂದು ತುತ್ತು ತಿಂದಳು. ನಾವೆಲ್ಲ ಅವಳ ಮುಖವನ್ನೇ ನೋಡಿದೆವು. ಬಸ್ಸಿನ ಡ್ರೈವರು ಕೂಡ ಬೀಡಿ ಹಚ್ಚದೆ ನಿಂತಿದ್ದ. ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತಿ, "ಭಾರಿ ಆಗೇತ್ರಿ" ಅಂದಳು. ಅಷ್ಟೇ ಸಾಕಾಯಿತು. ಕೆಂಚಮ್ಮ, "ನಂಗೂ ಅದೇ ಹಾಕ್ಸಿ" ಅಂದಳು. ಬದ್ರುನ್ನೀಸಾ ನನಗೂ ಅಂದಳು. ಒಬ್ಬರಾದ ಮೇಲೊಬ್ಬರು ಎಲ್ಲರೂ ಬಿಳಿ ಚಟ್ನಿ ದೂರ ತಳ್ಳಿದರು. ಆ ಮನುಷ್ಯ ನಗುತ್ತ ಬೈಯುತ್ತ ಈರುಳ್ಳಿ ಹೆಚ್ಚಿದ್ದೇ ಹೆಚ್ಚಿದ್ದು; ನಮ್ಮವರು ನಾಲ್ಕು ಜನ ಒಳಗೆ ಹೋಗಿ ಅವರ ಜೊತೆ ಕುಳಿತರು.

ಹೊನ್ನವ್ವ ಏಳು ಇಡ್ಲಿ ತಿಂದಳು, ಮಗಳೇ. ಎಣಿಸಿದವಳು ನಾನೇ.

ನಾಗಲಕ್ಷ್ಮಮ್ಮ